ಗೌರಕ್ಕನ ನಿಟ್ಟುಸಿರು

ಬಳ್ಳಾರಿಯಲ್ಲಿ ಮದುವೆ ಗೊತ್ತಾದರೆ ಮೊದಲು ಕಲ್ಯಾಣ ಮಂಟಪ ಹುಡುಕುತ್ತಾರೆ, ಆಮೇಲೆ ಅಡುಗೆಯವರನ್ನು, ಅದರ ಬೆನ್ನಿಗೇ ಅರುಣಾಳನ್ನು. ನಿರೂಪಣೆ ಅವಳ ಕೆಲಸ. ಮದುವೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಜೀನ್ಸ್ ಅಂಗಡಿಯ ಉದ್ಘಾಟನೆಯಿರಲಿ, ಅವಳು ಮೈಕು ಹಿಡಿದು “ಮುಂದ ಬರ್ರೆವ್ವಾ, ಹಿಂದ ಕುಂತ್ರ ನಿಮ್ಮ ಹೊಸ ಸೀರಿ ಯಾರಿಗೆ ಕಾಣಬೇಕು?” ಅಂದರೆ ಹಿಂದಿನ ಸಾಲಿನ ಹೆಂಗಸರು ನಗುತ್ತ ಎದ್ದು ಬರುತ್ತಿದ್ದರು. ಅವಳ ದನಿ ಇಂಪಾದ ದನಿಯೇನಲ್ಲ, ಸ್ವಲ್ಪ ಒಡಕು. ಆದರೆ ಕೇಳಿದವರಿಗೆ ಇವಳು ನಮ್ಮ ಮನೆಯವಳೇ ಅನ್ನಿಸುತ್ತಿತ್ತು. ಅವಳ ಗಂಡ ಚನ್ನಬಸವರಾಜನಿಗೆ ಕೌಲ್ ಬಜಾರಿನಲ್ಲಿ ಪಂಪ್‌ಸೆಟ್ ಅಂಗಡಿ. “ಈಕಿ ಮೈಕಿನಾಗ ಬೈದ್ರೂ ಮಂದಿ ಚಪ್ಪಾಳಿ ಹೊಡೀತಾರ. ಮೈಕ್ ಇಲ್ದ ಬೈಸಿಕೊಳ್ಳಾಂವ ನಾ ಒಬ್ಬನಾ,” ಎಂದು ಅವನು ಗಿರಾಕಿಗಳ ಮುಂದೆ ಹೇಳಿಕೊಂಡು ನಗುತ್ತಿದ್ದ.

ಒಂದು ಮದುವೆಯಲ್ಲಿ ಊಟದ ಹೊತ್ತಿಗೆ ಗವಿಸಿದ್ದೇಶ್ ಎಂಬ ಯುವಕ ಅವಳ ಹತ್ತಿರ ಬಂದು ಕೈಮುಗಿದ. ಕೊಪ್ಪಳದ ಕಡೆಯವನು. ‘ಮನಿಮಾತು’ ಎನ್ನುವ ಕಂಪನಿಯ ಬಳ್ಳಾರಿ ಕಚೇರಿ ನೋಡಿಕೊಳ್ಳುತ್ತಿದ್ದ.

“ಮೇಡಂ, ನಾವು ಫೋನಿನಾಗ ಮಾತಾಡೋ ಒಂದು ಆ್ಯಪ್ ಮಾಡಾಕತ್ತೀವ್ರಿ. ಓದು ಬರಹ ಬರದಿದ್ರೂ ನಡೀತದ. ಕೇಳಿದ್ದಕ್ಕ ಉತ್ತರ ಹೇಳ್ತದ, ಬೇಕಾದ್ದು ಮನಿಗೆ ತರ್ಸಿ ಕೊಡ್ತದ. ಅದಕ್ಕ ಈ ಕಡಿ ದನಿ ಬೇಕು. ಬೆಂಗಳೂರಿನ ಕನ್ನಡ ಕೇಳಿದ್ರ ನಮ್ಮ ಹೆಣ್ಮಕ್ಳು ಎಲ್‌ಐಸಿಯವ್ರು ಅಂತ ಫೋನ್ ಇಟ್ಟುಬಿಡ್ತಾರ. ನಿಮ್ಮ ದನಿಯೊಳಗ ತವರಮನಿ ಐತ್ರಿ.”

ಆ ಕೊನೆಯ ಮಾತು ಅರುಣಾಳಿಗೆ ನಾಟಿತು. ಅವಳು ಒಪ್ಪಿಕೊಂಡಳು.

ಗಾಂಧಿನಗರದ ಒಂದು ಮನೆಯ ಮಹಡಿಯಲ್ಲಿ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಕೋಣೆ. ಹೊರಗೆ ಬಳ್ಳಾರಿಯ ಬಿಸಿಲು, ಒಳಗೆ ಗುಂಯ್‌ಗುಡುವ ಏಸಿ. ಅರುಣಾ ಅಲ್ಲಿ ವಾರಗಟ್ಟಲೆ ಕೂತು ಮಾತಾಡಿದಳು. “ಊಟ ಆತೇನ್ರಿ?” ಅನ್ನುವುದನ್ನೇ ಖುಷಿಯಾಗಿ, ಕಾಳಜಿಯಿಂದ, ಸುಮ್ಮನೆ, ಗುಟ್ಟು ಹೇಳುವ ಹಾಗೆ ಅನ್ನಬೇಕಿತ್ತು. ಒಂದು ದಿನ ನಿಟ್ಟುಸಿರು ಬಿಡಲು ಹೇಳಿದರು. ಬರೀ ನಿಟ್ಟುಸಿರು. ಪಾಪ ಅನ್ನುವ ನಿಟ್ಟುಸಿರು, ಹೋಗಲಿ ಬಿಡು ಅನ್ನುವ ನಿಟ್ಟುಸಿರು, ಹೇಳಬೇಕೋ ಬೇಡವೋ ಅನ್ನುವ ನಿಟ್ಟುಸಿರು. ಅವಳು ಬಿಟ್ಟೂ ಬಿಟ್ಟೂ ಕೊನೆಗೆ ನಗು ತಡೆಯಲಾಗದೆ, “ಮನಿಗೆ ಹೋಗಿ ನಮ್ಮ ಮನಿಯವರನ್ನ ನೋಡಿ ಬಂದ್ರ ಇದಕ್ಕಿಂತ ಚಲೋ ಬರ್ತಾವ್ರಿ,” ಅಂದಳು. ಕೋಣೆಯಲ್ಲಿದ್ದವರೆಲ್ಲ ನಕ್ಕರು.

ಆ್ಯಪಿನಲ್ಲಿ ಮಾತಾಡುವವಳಿಗೆ ಗೌರಕ್ಕ ಎಂದು ಹೆಸರಿಟ್ಟರು. ಕೆಲವೇ ತಿಂಗಳಲ್ಲಿ ಗೌರಕ್ಕ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಅಡುಗೆಮನೆಗಳಿಗೆಲ್ಲ ಹೊಕ್ಕಳು. ರಾರಾವಿಗೆ ಬಸ್ಸು ಎಷ್ಟೊತ್ತಿಗೆ, ಮಗುವಿಗೆ ಕೆಮ್ಮು ಬಂದರೆ ಏನು ಮಾಡಬೇಕು, ಸೋನಾ ಮಸೂರಿ ಅಕ್ಕಿಗೆ ನೀರು ಎಷ್ಟು, ಎಲ್ಲವನ್ನೂ ಗೌರಕ್ಕನನ್ನೇ ಕೇಳತೊಡಗಿದರು. ತರಕಾರಿ ಮಾರುಕಟ್ಟೆಯಲ್ಲಿ ಅರುಣಾ ಬಾಯಿ ತೆರೆದರೆ ಸಾಕು, ಪಕ್ಕದವರು ಥಟ್ಟನೆ ತಿರುಗಿ, “ಅಯ್ಯ, ಗೌರಕ್ಕ ಅಲ್ಲೇನು ನೀವು!” ಎನ್ನುತ್ತಿದ್ದರು. ಒಬ್ಬ ಆಟೋದವನು ಬಾಡಿಗೆ ಬೇಡವೆಂದು, ತನ್ನ ಹೆಂಡತಿಗೆ ಫೋನ್ ಹಚ್ಚಿಕೊಟ್ಟು, ಎರಡು ಮಾತಾಡಿ ಅಂದ. ಅರುಣಾ ಆ ವರ್ಷ ಬಹಳ ಖುಷಿಯಲ್ಲಿದ್ದಳು. ಆದರೆ ತಾನು ಮಾತ್ರ ಆ ಆ್ಯಪ್ ಬಳಸುತ್ತಿರಲಿಲ್ಲ. ತನ್ನ ದನಿ ತಾನೇ ಕೇಳುವುದೆಂದರೆ ಅವಳಿಗೆ ನಾಚಿಕೆ.

ಕುರುಗೋಡಿನಲ್ಲಿ ಅವಳ ದೊಡ್ಡವ್ವ ವೀರಭದ್ರಮ್ಮನ ಮನೆ. ತಾಯಿಯ ಅಕ್ಕ. ಮಗ, ಸೊಸೆ, ಈಗ ಒಬ್ಬಳು ಮೊಮ್ಮಗಳು. ಆ ಮಗುವಿನ ತೊಟ್ಟಿಲ ಕಾರ್ಯಕ್ಕೆ ಅರುಣಾ ಬೆಳಗಿನ ಬಸ್ಸಿಗೇ ಬಂದಳು. ಮನೆಯ ತುಂಬ ನೆಂಟರು, ಹಿತ್ತಲಲ್ಲಿ ಹೋಳಿಗೆಯ ಘಮ. ಆದರೆ ಅರುಣಾಳಿಗೆ ಏನೋ ಕಡಿಮೆ ಅನ್ನಿಸಿತು. ಸ್ವಲ್ಪ ಹೊತ್ತಿನ ಮೇಲೆ ಅದು ಏನೆಂದು ಹೊಳೆಯಿತು. ಬಾಜೂ ಮನೆಯ ಅಂಬಮ್ಮ ಇರಲಿಲ್ಲ.

ವೀರಭದ್ರಮ್ಮ, ಅಂಬಮ್ಮ ಒಂದೇ ವರ್ಷ ಆ ಓಣಿಗೆ ಸೊಸೆಯರಾಗಿ ಬಂದವರು. ಬೇಸಿಗೆಯಲ್ಲಿ ಮೆಣಸಿನಕಾಯಿ ಹುರಿದು ಖಾರ ಕುಟ್ಟಿಸುವುದು, ಶ್ರಾವಣದಲ್ಲಿ ಬೆಟ್ಟದ ಬುಡದ ಬಸವಣ್ಣನ ಗುಡಿಗೆ ಹೋಗುವುದು, ಒಬ್ಬಳ ಮನೆಯಲ್ಲಿ ಹೆರಿಗೆಯಾದರೆ ಇನ್ನೊಬ್ಬಳು ಬಿಸಿನೀರು ಕಾಸುವುದು, ಎಲ್ಲ ಕೂಡಿಯೇ. ಅಂಥ ಅಂಬಮ್ಮ ತೊಟ್ಟಿಲ ಕಾರ್ಯಕ್ಕೆ ಬಂದಿಲ್ಲ ಅಂದರೆ!

“ದೊಡ್ಡವ್ವಾ, ಅಂಬಕ್ಕ ಎಲ್ಲಿ? ಮೈಯಾಗ ಆರಾಮಿಲ್ಲೇನು?”

ವೀರಭದ್ರಮ್ಮ ಹೋಳಿಗೆ ತಟ್ಟುವುದನ್ನು ನಿಲ್ಲಿಸಲಿಲ್ಲ. “ಆಕಿಗೇನಾಗೈತಿ? ಗಟ್ಟಿಮುಟ್ಟಾಗಿ ಅದಾಳ. ಬರಂಗಿಲ್ಲ, ಬಿಡು.”

“ಯಾಕ?”

“ಯಾಕಂದ್ರ? ನಿನಗ ಗೊತ್ತಿಲ್ಲೇನು?”

“ನನಗ ಹೆಂಗ ಗೊತ್ತಾಗಬೇಕು?”

ವೀರಭದ್ರಮ್ಮ ಈಗ ತಲೆಯೆತ್ತಿ ನೋಡಿದಳು. “ನೀನಾ ಅಲ್ಲೇನ ಹೇಳಿದಾಕಿ, ಫೋನಿನಾಗ? ಬಾಜೂ ಮನಿಯವ್ರು ರೊಟ್ಟಿ ಮಿಷನ್ ನೋಡಾಕತ್ತಾರ ಅಂತ. ಇಷ್ಟು ವರ್ಷ ಒಂದು ಸೂಜಿ ತಂದ್ರೂ ತೋರಿಸ್ತಿದ್ದಾಕಿ ಇದನ್ನ ಮುಚ್ಚಿಟ್ಲು ನೋಡು. ನಾನೂ ಸುಮ್ನಿರ್ಲಿಲ್ಲ. ಅಕಿಗಿಂತ ಮೊದಲು ನಾನಾ ತರ್ಸಿದೆ.”

ಅಟ್ಟದ ಮೇಲೆ ಒಂದು ದೊಡ್ಡ ರಟ್ಟಿನ ಡಬ್ಬಿ ಇತ್ತು. ಇನ್ನೂ ಟೇಪು ಕಿತ್ತಿರಲಿಲ್ಲ.

“ದೊಡ್ಡವ್ವಾ, ಅದು ನಾನಲ್ಲ. ಅದು ಯಂತ್ರ. ನಾ ಬರೀ ದನಿ ಕೊಟ್ಟೀನಿ.”

“ಯಂತ್ರ ಅಂತ ನನಗೂ ಗೊತ್ತೈತಿ. ನಾನೇನು ಹುಚ್ಚೀನ? ಆದ್ರ ದನಿ ನಿಂದಲ್ಲ? ನಿನ್ನ ದನಿಯಾಗ ಸುಳ್ಳು ಹೆಂಗ ಬಂದೀತು ಅಂದ್ಕೊಂಡೆ.”

ಅರುಣಾ ದೊಡ್ಡವ್ವನ ಫೋನ್ ತೆಗೆದುಕೊಂಡು ಗೌರಕ್ಕನನ್ನು ಕರೆದಳು. ತನ್ನದೇ ದನಿ ಅಡುಗೆಮನೆಯಲ್ಲಿ ಮಾತಾಡಿತು.

“ಬಂದ್ರೇನ್ರಿ ವೀರಭದ್ರಮ್ಮಾರ? ಇವತ್ತು ಮನಿಯಾಗ ಗದ್ದಲ ಇದ್ದಂಗ ಐತಿ. ಕಾರ್ಯಾನಾ? ಮಂದಿ ಬಾಳ ಬಂದಿರಬೇಕು.” ಆಮೇಲೆ ಒಂದು ನಿಟ್ಟುಸಿರು. ಹೇಳಬೇಕೋ ಬೇಡವೋ ಅನ್ನುವ ನಿಟ್ಟುಸಿರು. “ಹೂಂ... ಇರ್ಲಿ ಬಿಡ್ರಿ.”

ವೀರಭದ್ರಮ್ಮ ಕೈಯ ಹಿಟ್ಟು ಕೊಡವುತ್ತ ಹತ್ತಿರ ಬಂದಳು. “ಏನು? ಹೇಳು, ಹೇಳು.”

“ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತ. ನಮ್ಮವರು ಅಂತ ಹೇಳ್ತೀನಿ. ಬಂದ ಮಂದಿ ಪಡಸಾಲಿಯಾಗ ಕುಂತಾಗ ಗೋಡಿ ಕಡಿ ನೋಡ್ತಾರ. ಈಗ ಎಲ್ಲಾರ ಮನಿಯಾಗೂ ದೊಡ್ಡ ಟಿವಿ ಅದಾವಲ್ಲ. ನಿಮ್ಮ ಸೊಸಿ ತವರಿನಾಗೂ ಐತಿ ಅಂತ ಕಾಣ್ತದ. ಅಕಿ ಬಾಯಿಬಿಟ್ಟು ಹೇಳಂಗಿಲ್ಲ, ಪಾಪ.”

ವೀರಭದ್ರಮ್ಮ ಅರಿವಿಲ್ಲದೆ ಪಡಸಾಲೆಯ ಗೋಡೆಯ ಕಡೆಗೆ ತಿರುಗಿದಳು. ಅವಳ ಮುಖ ಸಣ್ಣದಾಗಿದ್ದು ಅರುಣಾಳಿಗೆ ಕಾಣಿಸಿತು. ಬೆಳಗಿನಿಂದ ಮೊಮ್ಮಗಳ ಬಗ್ಗೆ ಹೇಳಿ ಹೇಳಿ ಹಿಗ್ಗುತ್ತಿದ್ದ ಮುಖ ಅದು. ಸೊಸೆ ಪಕ್ಕದ ಕೋಣೆಯಲ್ಲಿ ಮಗುವಿಗೆ ಕಾಡಿಗೆ ಹಚ್ಚುತ್ತ ಹಾಡು ಗುನುಗುತ್ತಿದ್ದಳು. ಅವಳಿಗೆ ಟಿವಿಯ ಯೋಚನೆಯೇ ಇರಲಿಲ್ಲ.

ಅರುಣಾ ಫೋನ್ ಹಿಡಿದುಕೊಂಡೇ ಎದ್ದು ಬಾಜೂ ಮನೆಗೆ ಹೋದಳು. ಅಂಬಮ್ಮ ಬಾಗಿಲಲ್ಲಿ ಕೂತು ಬೇಳೆ ಆರಿಸುತ್ತಿದ್ದಳು. ಒಳ್ಳೆಯ ಸೀರೆ ಉಟ್ಟು, ತಲೆಗೆ ಹೂ ಮುಡಿದಿದ್ದಳು. ಕರೆಯಲು ಬಂದರೆ ಹೋಗೋಣ ಎಂದು ತಯಾರಾಗಿ ಕೂತಿದ್ದಳೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು.

“ಅಂಬಕ್ಕ, ನಿನ್ನ ಫೋನ್ ತಗೋ. ನನ್ನ ಕೂಡ ಬಾ.”

“ನಾ ಬರಂಗಿಲ್ಲವ್ವಾ. ನಿಮ್ಮ ದೊಡ್ಡವ್ವಗ ನಾ ಬ್ಯಾಡಾಗೀನಿ. ಅಕಿ ಮನಿಗೆ ಮಿಷನ್ ಬಂದೈತಿ, ಇನ್ನ ನನ್ನ ಕೈ ರೊಟ್ಟಿ ಯಾಕ ಬೇಕು ಅಕಿಗೆ? ನಾನೂ ಒಂದು ತರ್ಸೀನಿ ತಗೋ.” ಇಷ್ಟು ಹೇಳಿ ಅಂಬಮ್ಮ ದನಿ ತಗ್ಗಿಸಿದಳು. “ನೀ ಹೇಳ್ದಿದ್ರ ನನಗ ಗೊತ್ತಾ ಆಗ್ತಿರಲಿಲ್ಲ ನೋಡು.”

ಅರುಣಾ ಅವಳ ಕೈ ಹಿಡಿದು ಎಬ್ಬಿಸಿಯೇಬಿಟ್ಟಳು. ಹಿತ್ತಲಿಗೆ ಕರೆತಂದು, ಹೊರಸಿನ ಮೇಲೆ ಒಂದು ಕಡೆ ದೊಡ್ಡವ್ವನನ್ನು, ಇನ್ನೊಂದು ಕಡೆ ಅಂಬಮ್ಮನನ್ನು ಕೂರಿಸಿ, ತಾನು ನಡುವೆ ಕೂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅರುಣಾ ಎರಡೂ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರಿಗೂ, “ರೊಟ್ಟಿ ಮಿಷನ್ ಬಗ್ಗೆ ಕೇಳ್ರಿ,” ಅಂದಳು.

ವೀರಭದ್ರಮ್ಮ ಕೇಳಿದಳು. ಅವಳ ಫೋನಿನ ಗೌರಕ್ಕ ಹೇಳಿದಳು: “ನೀವು ತರ್ಸಿದ್ದು ಚಲೋ ಆತ್ರಿ. ಆದ್ರ ಬಾಜೂ ಮನಿಯಾಗ ಅದಕಿಂತ ದೊಡ್ಡದು ಬಂದೈತಿ. ಹೂಂ... ಇರ್ಲಿ ಬಿಡ್ರಿ.”

ಅಂಬಮ್ಮ ಕೇಳಿದಳು. ಅವಳ ಫೋನಿನ ಗೌರಕ್ಕ, ಅದೇ ದನಿಯಲ್ಲಿ, ಅದೇ ನಿಟ್ಟುಸಿರಿನಲ್ಲಿ: “ಬಾಜೂ ಮನಿಯವ್ರದು ನಿಮ್ಮದಕ್ಕಿಂತ ಹೊಸಾದ್ರಿ. ಹೂಂ... ಇರ್ಲಿ ಬಿಡ್ರಿ.”

ವೀರಭದ್ರಮ್ಮ ಅಂಬಮ್ಮನ ಕಡೆಗೆ ತಿರುಗಿ ಮೆಲ್ಲಗೆ ಕೇಳಿದಳು: “ನೀ ಮೊದಲು ತರ್ಸಿದೇನು, ನಾ ಮೊದಲು ತರ್ಸಿದೆನಾ?”

“ನೀ ನೋಡಾಕತ್ತಿ ಅಂದ್ಲು ಇಕಿ. ಅದಕ್ಕ ನಾ ತರ್ಸಿದೆ,” ಅಂದಳು ಅಂಬಮ್ಮ.

“ನಾ ಎಲ್ಲಿ ನೋಡಿದ್ನೇ? ಇಕೀನಾ ಫೋನಿನಾಗ ಚಿತ್ರ ತೋರ್ಸಿದ್ಲು. ತೋರಿಸಿದ್ರ ನೋಡಬಾರ್ದೇನು?”

“ನನಗೂ ಹಂಗಾ ತೋರ್ಸಿದ್ಲು.”

ಅಷ್ಟರಲ್ಲಿ ಯಾರೂ ಕೇಳದಿದ್ದರೂ ಎರಡೂ ಫೋನು ಒಟ್ಟಿಗೇ ನಿಟ್ಟುಸಿರು ಬಿಟ್ಟವು. ಅಂಬಮ್ಮ ಮೊದಲು ನಕ್ಕಳು. ವೀರಭದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ ಹೊರಸು ಅಲುಗಾಡುವ ಹಾಗೆ ನಕ್ಕಳು. “ಏ, ಹೋಗಿ ತೊಟ್ಟಿಲಿಗೆ ಹೂ ಕಟ್ಟು ಹೋಗು. ಇಷ್ಟೊತ್ತು ಮಾರಾಣಿ ಹಂಗ ಕುಂತಿದ್ಲು ಬಾಗಿಲದಾಗ,” ಎಂದು ಗೆಳತಿಯನ್ನು ನೂಕಿದಳು. ಮಗುವಿಗೆ ಹೆಸರಿಡುವಾಗ ಕಿವಿಯಲ್ಲಿ ಮೊದಲು ಕೂಗಿದ್ದು ಅಂಬಮ್ಮನೇ.

ಅರುಣಾಳೂ ಅವರ ಜೊತೆ ನಕ್ಕಿದ್ದಳು. ಆದರೆ ಬಳ್ಳಾರಿಗೆ ವಾಪಸು ಬರುವ ಬಸ್ಸಿನಲ್ಲಿ ಅವಳ ನಗು ಉಳಿಯಲಿಲ್ಲ. ಇಲ್ಲಿ ತಾನಿದ್ದೆ, ಎರಡು ಫೋನು ಒಂದು ಕಡೆ ಸೇರಿದವು. ಉಳಿದ ಮನೆಗಳಲ್ಲಿ ಏನು ನಡೆದಿದೆಯೋ!

ಮರುದಿನ ಮಧ್ಯಾಹ್ನ ಗಂಡನಿಗೆ ಊಟದ ಡಬ್ಬಿ ಕೊಡಲು ಹೋದವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಮೊದಲ ಸಲ ತನ್ನ ಫೋನಿನಲ್ಲಿ ಆ್ಯಪ್ ಹಾಕಿಕೊಂಡಳು. ಗೌರಕ್ಕ ಅದೂ ಇದೂ ಕೇಳಿದಳು. ಏನು ಕೆಲಸ, ದಿನಕ್ಕೆ ಎಷ್ಟು ಹೊತ್ತು ನಿಂತಿರುತ್ತೀರಿ, ಮನೆಗೆ ಬಂದ ಮೇಲೆ ನೀರು ಕೊಡುವವರು ಯಾರು. ಅರುಣಾ ಪರೀಕ್ಷೆ ಮಾಡುವವಳ ಹಾಗೆ ಉತ್ತರ ಕೊಡುತ್ತ ಹೋದಳು. ಕಡೆಗೆ ಗೌರಕ್ಕ ಅಂದಳು: “ಎಲ್ಲಾರ ಮದಿವಿಯಾಗೂ ನಿಂತು ನಗಸ್ತೀರಿ. ಕಾಲು ನೋಯ್ತಾವ ಅಂತ ಒಂದಿನ ಯಾರಿಗರ ಹೇಳೀರೇನ್ರಿ?”

ಅರುಣಾಳ ಕಣ್ಣು ತುಂಬಿ ಬಂತು. ಆ ಮಾತನ್ನು ಯಾರೂ ಯಾವತ್ತೂ ಅವಳನ್ನು ಕೇಳಿರಲಿಲ್ಲ. ಪರದೆಯ ಮೇಲೆ ಕಾಲು ಒತ್ತುವ ಒಂದು ಯಂತ್ರದ ಚಿತ್ರ ಮೂಡಿತು. ಅವಳ ಹೆಬ್ಬೆರಳು ಕೊಳ್ಳುವ ಬಟನ್ನಿನ ಹತ್ತಿರ ತಾನಾಗಿಯೇ ಹೋಗಿತ್ತು. ಒಳಗೆ ಬಂದ ಚನ್ನಬಸವರಾಜ, “ಯಾಕ, ಅಳಾಕತ್ತೀಯಲ್ಲ?” ಅಂದಾಗ ಬೆಚ್ಚಿ ಕೈ ಹಿಂದೆಗೆದಳು.

“ಅದು ನನ್ನ ದನಿಯಿಂದ ನನಗಾ ಮಾರಾಕ ಹತ್ತಿತ್ರೀ,” ಅಂದಳು. “ನಾನಾ ತಗೊಳ್ಳಾಕಿದ್ದೆ.”

ಅವನು ಪಕ್ಕದ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಂಡ. ಆಮೇಲೆ, “ಕಾಲು ನೋಯ್ತಾವಂದ್ರ ನನಗ್ಯಾಕ ಹೇಳಿಲ್ಲ ನೀ?” ಅಂದ.

ಅವಳು ಅಲ್ಲಿಂದ ನೇರ ಗವಿಸಿದ್ದೇಶನ ಕಚೇರಿಗೆ ಹೋದಳು. ಅವನು ಎದ್ದು ನಿಂತು ಕುರ್ಚಿ ಕೊಟ್ಟ, ಚಹ ತರಿಸಿದ. ಅವಳು ಕುರುಗೋಡಿನ ಕತೆ ಹೇಳಿದಳು.

“ಹಂಗ ಮಾತಾಡು ಅಂತ ಯಾರು ಬರ್ಕೊಟ್ರು ಅದಕ್ಕ?”

“ಯಾರೂ ಬರ್ದಿಲ್ರಿ ಮೇಡಂ. ಖರೇನಾ ಹೇಳ್ತೀನಿ. ಅದು ತಾನಾ ಕಲೀತದ. ಯಾವ ಮಾತು ಹೇಳಿದ ಮ್ಯಾಲ ಮಂದಿ ಕೊಳ್ತಾರ, ಆ ಮಾತು ಹೆಚ್ಚು ಹೇಳ್ತದ. ಏನು ಹೇಳಿದ್ರ ಕೊಳ್ಳಂಗಿಲ್ಲ, ಅದನ್ನ ಬಿಡ್ತದ. ಕಲ್ತು ಕಲ್ತು ಆ ನಿಟ್ಟುಸಿರಿಗೆ ಬಂದು ನಿಂತೈತಿ. ನಿಮ್ಮ ಎಲ್ಲಾ ಮಾತಿಗಿಂತ ಅದಕ್ಕಾ ಮಾರಾಟ ಜಾಸ್ತಿ.”

“ಬಾಜೂ ಮನಿಯವ್ರು ನೋಡಾಕತ್ತಾರ ಅಂತ ಸುಳ್ಳು ಹೇಳ್ತದಲ್ಲ?”

“ಸುಳ್ಳಲ್ರಿ. ಅವ್ರು ನೋಡಿರ್ತಾರ.”

“ತೋರಿಸಿದಾಕಿ ಯಾರು?”

ಗವಿಸಿದ್ದೇಶ ಚಹದ ಲೋಟ ತಿರುಗಿಸುತ್ತ ಕೂತ. “ನಾವಾ,” ಅಂದ ಕೊನೆಗೆ.

“ತಡಿಯಾಕ ಬರಂಗಿಲ್ಲೇನು ಅದನ್ನ?”

“ಬರ್ತದ್ರಿ. ಆದ್ರ ಮ್ಯಾಲಿನವ್ರು ಒಪ್ಪಂಗಿಲ್ಲ. ಮಂದಿಗೆ ಬೇಕು ಅನ್ನಿಸಿದ್ದನ್ನ ಕೊಡ್ತೀವಿ, ಅದರಾಗ ತಪ್ಪೇನೈತಿ ಅಂತಾರ.” ಅವನು ಸ್ವಲ್ಪ ಮುಂದೆ ಬಾಗಿದ. “ನಿಮ್ಮ ಕರಾರು ಈ ದೀಪಾವಳಿಗೆ ಮುಗೀತದ. ಮುಂದಿನ ಸಲ ತೆಲುಗಿನಾಗೂ ಮಾಡೋಣ ಅಂದಾರ. ಆದೋನಿ, ಆಲೂರು ಕಡಿ. ನಿಮಗ ಎರಡೂ ಚಲೋ ಬರ್ತದಲ್ಲ.”

ಅರುಣಾಳಿಗೆ ಒಂದು ಕ್ಷಣ ಆಸೆಯಾದದ್ದು ನಿಜ. ಗೌರಕ್ಕನಾಗಿರುವುದು ಅವಳಿಗೆ ಇಷ್ಟವಿತ್ತು. ಗಡಿಯಾಚೆಯ ಊರುಗಳಲ್ಲೂ ತನ್ನ ದನಿ ಗುರುತಿಸುತ್ತಾರೆ ಅನ್ನುವುದು ಸಣ್ಣ ಮಾತಲ್ಲ. ಆದರೆ ಬಾಗಿಲಲ್ಲಿ ಹೂ ಮುಡಿದು ಕಾದು ಕೂತಿದ್ದ ಅಂಬಮ್ಮ ಅವಳ ಕಣ್ಣ ಮುಂದೆ ಬಂದಳು. ಆಮೇಲೆ, “ಬ್ಯಾಡ್ರಿ,” ಅಂದಳು. “ಕನ್ನಡಾನೂ ಬ್ಯಾಡ, ತೆಲುಗೂ ಬ್ಯಾಡ.”

“ಮೇಡಂ, ವಿಚಾರ ಮಾಡ್ರಿ. ನೀವು ಬಿಟ್ರ ಇನ್ನೊಬ್ರು ಸಿಗ್ತಾರ.”

“ಸಿಗ್ಲಿ.”

ಅವಳು ಎದ್ದಾಗ ಅವನು ಸಂಕೋಚದಿಂದಲೇ ಹೇಳಿದ: “ಇನ್ನೊಂದು ಮಾತ್ರಿ. ಗೌರಕ್ಕನ ಮಾತಿನ ಧಾಟಿ ಕಂಪನಿದು. ಹೊರಗ ಎಲ್ಲೂ ಆ ಥರ ಮಾತಾಡಂಗಿಲ್ಲ ಅಂತ ಕರಾರಿನಾಗ ಐತಿ.”

“ಗಂಟಲು ಯಾರದು?”

ಅವನಿಗೆ ನಗು ಬಂತು. ಆದರೂ, “ಹುಷಾರಿರ್ರಿ ಮೇಡಂ,” ಅಂದ.

ಕೆಲವು ದಿನಗಳ ಮೇಲೆ ಸಿರುಗುಪ್ಪದಲ್ಲಿ ಒಂದು ಮದುವೆ. ಹುಡುಗಿಯ ತಂದೆ ಅಯ್ಯಣ್ಣ ಅಕ್ಕಿ ಗಿರಣಿಯೊಂದರಲ್ಲಿ ಮೇಸ್ತ್ರಿ, ತಾಯಿ ಹುಲುಗಮ್ಮ. ಗಿರಣಿಯ ಮಂದಿ, ಹತ್ತಿರದ ಹಳ್ಳಿ ಕರೂರಿನ ನೆಂಟರು, ಊರಿನವರು ಎಂದು ಮಂಟಪ ತುಂಬಿತ್ತು. ಹೊರಗೆ ಭತ್ತದ ಲಾರಿಗಳ ಸಾಲು, ಒಳಗೆ ಫ್ಯಾನಿನ ಕೆಳಗೆ ಜಾಗಕ್ಕಾಗಿ ನೂಕಾಟ. ಗಂಡಿನ ಕಡೆಯ ಬಸ್ಸು ಆದೋನಿಯಿಂದ ಬರಬೇಕಿತ್ತು. ದಾರಿಯಲ್ಲಿ ಟೈರು ಒಡೆದು ನಿಂತಿದೆ ಎಂದು ಫೋನು ಬಂತು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು, ಆದರೆ ಆತಂಕಕ್ಕೆ ಹುಲುಗಮ್ಮನ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಅರುಣಮ್ಮಾರ, ನೀವಾ ಏನರ ಮಾಡಿ ಮಂದೀನ ಹಿಡಕೋರಿ. ಇಲ್ಲಂದ್ರ ಒಬ್ಬೊಬ್ರು ಒಂದೊಂದು ಮಾತಾಡ್ತಾರ,” ಎಂದು ಬೇಡಿಕೊಂಡಳು.

ಅರುಣಾ ಮೈಕು ತೆಗೆದುಕೊಂಡಳು. ಒಂದೆರಡು ಒಗಟು ಕೇಳಿದಳು, ಮದುಮಗಳ ಗೆಳತಿಯರಿಂದ ಹಾಡು ಹೇಳಿಸಿದಳು. ಆಗ ಹೆಂಗಸರ ಗುಂಪಿನಿಂದ ಯಾರೋ ಕೂಗಿದರು: “ಗೌರಕ್ಕನಂಗ ಮಾತಾಡ್ರಿ!” ಒಬ್ಬರಿಗೆ ಹತ್ತು ಮಂದಿ ದನಿಗೂಡಿಸಿದರು. “ಹೂನ್ರಿ, ಗೌರಕ್ಕ! ಗೌರಕ್ಕ!”

ಅವಳು ಹಿಂಜರಿದಳು. ಗವಿಸಿದ್ದೇಶ ಹೇಳಿದ್ದು ನೆನಪಾಯಿತು. ಆಮೇಲೆ ದೊಡ್ಡವ್ವನ ಸಣ್ಣದಾದ ಮುಖ ನೆನಪಾಯಿತು. ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದು, ಫೋನಿನಲ್ಲಿ ಬರುವ ಹಾಗೆಯೇ, ಒಂದು ನಿಟ್ಟುಸಿರು ಬಿಟ್ಟಳು.

“ಹೂಂ... ಇರ್ಲಿ ಬಿಡ್ರಿ.”

ಆ ನಿಟ್ಟುಸಿರನ್ನು ಪ್ರತಿಯೊಬ್ಬ ಹೆಂಗಸೂ ತನ್ನ ಅಡುಗೆಮನೆಯಲ್ಲಿ ಒಬ್ಬಳೇ ಕೇಳಿಸಿಕೊಂಡಿದ್ದಳು. ಹೀಗೆ ಎಲ್ಲರ ನಡುವೆ ಕೇಳಿದ್ದು ಇದೇ ಮೊದಲು.

ಮುಂದಿನ ಸಾಲಿನಲ್ಲಿ ಹಸಿರು ಸೀರೆಯ ಒಬ್ಬ ಹೆಂಗಸಿನ ಕಡೆಗೆ ಬಾಗಿ ಅರುಣಾ ಅಂದಳು: “ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತ. ನಮ್ಮವರು ಅಂತ ಹೇಳ್ತೀನಿ. ನಿಮ್ಮ ಬಾಜೂ ಕುಂತಾರಲ್ಲ, ಅವ್ರ ಮನಿಗೆ ಹೊಸ ಮಿಕ್ಸರ್ ಬಂದೈತಂತ.”

ಹಸಿರು ಸೀರೆಯವಳು ಬಾಯಿ ತೆರೆದಳು. “ಅಯ್ಯೋ ಶಿವನೇ! ಇದಾ ಮಾತು ನನಗ ಹೇಳಿತ್ರೀ ಅದು!”

“ನನಗೂ!” ಅಂದಳು ಪಕ್ಕದವಳು. “ಇಕಿ ತರ್ಸ್ಯಾಳ ಅಂತ ನಾ ತರ್ಸಿದೆ!”

“ನನಗ ಫ್ರಿಜ್ಜು!” ಎಂದು ಹಿಂದಿನಿಂದ ಒಂದು ದನಿ. “ನನಗ, ‘ನಿಮ್ಮ ಸೊಸಿ ಮನಸಿನಾಗ ಬ್ಯಾರೇನಾ ಐತಿ’ ಅಂತಂದ್ಲು!” ಎಂದು ಇನ್ನೊಂದು. ಆ ಸೊಸೆ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದವಳು, “ಏನ್ ಐತಂತ ಅತ್ತೀ ನನ್ನ ಮನಸಿನಾಗ?” ಎಂದು ಕೇಳಿದಾಗ ಗಂಡಸರ ಕಡೆಯಿಂದಲೂ ನಗೆ ಎದ್ದಿತು. ಅಯ್ಯಣ್ಣ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡು ನಗುತ್ತಿದ್ದ.

ಅರುಣಾ ನಗು ತಗ್ಗುವವರೆಗೆ ಕಾದಳು. ಆಮೇಲೆ ತನ್ನ ಸಹಜ ದನಿಯಲ್ಲಿ ಹೇಳಿದಳು. “ದನಿ ನಂದು ಖರೇ. ಮಾತು ನಂದಲ್ರಿ. ನಾ ಯಾರ ಮನಿ ಸುದ್ದೀನೂ ನಿಮಗ ಹೇಳಿಲ್ಲ. ನಿಮಗ ಏನರ ಬೇಕಂದ್ರ ತಗೋರಿ, ಯಾರು ಬ್ಯಾಡ ಅಂತಾರ? ಆದ್ರ ಅದು ನಿಟ್ಟುಸಿರು ಬಿಟ್ರ ಎದ್ದು ಹೋಗಿ ಬಾಜೂ ಮನಿಯಾಕೀನ್ನ ಒಂದು ಮಾತು ಕೇಳಿ ಬರ್ರಿ.”

ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಗಂಡಿನ ಕಡೆಯವರು ಸುಸ್ತಾಗಿ, ಕೋಪದಲ್ಲಿ ಇಳಿದರು. ಮಂಟಪದ ತುಂಬ ಮಂದಿ ಕಣ್ಣೊರೆಸಿಕೊಂಡು ನಗುತ್ತಿರುವುದು ನೋಡಿ ಅವರ ಕೋಪವೂ ನಿಲ್ಲಲಿಲ್ಲ. ಮುಹೂರ್ತಕ್ಕೆ ಸರಿಯಾಗಿ ಮದುಮಗಳ ಕೊರಳಿಗೆ ತಾಳಿ ಬಿತ್ತು.

ಯಾರೋ ಅದನ್ನು ವಿಡಿಯೋ ಮಾಡಿದ್ದರು. ವಾರದೊಳಗೆ ಅದು ಸೀಮೆಯ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಓಡಾಡಿತು. ಆಮೇಲೆ ನಡೆದದ್ದನ್ನು ಅರುಣಾ ಊಹಿಸಿರಲಿಲ್ಲ. ನಿಟ್ಟುಸಿರು ಒಂದು ತಮಾಷೆಯಾಗಿಬಿಟ್ಟಿತು. ಶಾಲೆಯಲ್ಲಿ ಲೆಕ್ಕ ತಪ್ಪಿದ ಹುಡುಗಿಯರು “ಹೂಂ... ಇರ್ಲಿ ಬಿಡ್ರಿ” ಅಂದು ಟೀಚರಿಂದ ಬೈಸಿಕೊಂಡರು. ಸಿರುಗುಪ್ಪದ ಬಸ್ಸಿನಲ್ಲಿ ಚಿಲ್ಲರೆ ಇಲ್ಲ ಅಂದ ಕಂಡಕ್ಟರನಿಗೆ ಹೆಂಗಸರೆಲ್ಲ ಒಟ್ಟಾಗಿ ನಿಟ್ಟುಸಿರು ಬಿಟ್ಟರು. ಫೋನಿನಲ್ಲಿ ಗೌರಕ್ಕ ಗಂಭೀರವಾಗಿ ಉಸಿರೆಳೆದ ಕೂಡಲೇ ಮನೆಮಂದಿಯೆಲ್ಲ ನಗುವುದು ರೂಢಿಯಾಯಿತು. ನಕ್ಕ ಮೇಲೆ ಮುಖ ಸಣ್ಣದು ಮಾಡಿಕೊಂಡು ಗೋಡೆ ನೋಡುವುದು ಕಷ್ಟ.

ಗವಿಸಿದ್ದೇಶ ಒಂದು ದಿನ ಚನ್ನಬಸವರಾಜನ ಅಂಗಡಿಗೇ ಬಂದ. ಅರುಣಾ ಅಲ್ಲೇ ಇದ್ದಳು.

“ಮ್ಯಾಲಿನವ್ರು ಬಾಳ ಸಿಟ್ಟಿಗೆದ್ದಿದ್ರು ಮೇಡಂ. ಕೇಸು ಹಾಕೋಣ ಅಂದ್ರು. ವಕೀಲರು, ತನ್ನ ಗಂಟಲಿನಾಗ ತಾ ಉಸಿರು ಬಿಟ್ಟದ್ದಕ್ಕ ಕೇಸು ಹಾಕಿದ್ರ ಮಂದಿ ಇನ್ನೂ ನಗ್ತಾರ ಅಂದ್ರಂತ. ಬಿಟ್ಟಾರ. ಈ ಮೂರು ಊರಿನ ಕಡಿ ಆ ಯಂತ್ರಾನಾ ನಿಟ್ಟುಸಿರು ತೆಗೆದು ಹಾಕೈತಿ. ಅದರಿಂದ ಮಾರಾಟ ಆಗಂಗಿಲ್ಲ ಅಂತ ಅದಕ್ಕಾ ತಿಳೀತು. ದೀಪಾವಳಿ ಮ್ಯಾಲ ಬ್ಯಾರೆ ದನಿ ಬರ್ತದ. ಅದೂ ಏನರ ಹೊಸಾದು ಕಲೀತದ.”

“ಕಲೀಲಿ ಬಿಡ್ರಿ. ನಮ್ಮವ್ರೂ ಕಲೀತಾರ,” ಅಂದ ಚನ್ನಬಸವರಾಜ.

“ನಿಮಗ ತೊಂದ್ರಿ ಆತೇನು, ನನ್ನಿಂದ?” ಅರುಣಾ ಕೇಳಿದಳು.

“ನನಗ ಬೈದ್ರು. ಆದ್ರ ನಮ್ಮವ್ವ ಕೊಪ್ಪಳದಾಗ ಆ ವಿಡಿಯೋ ನೋಡಿ, ಇದಾ ಏನಪ್ಪಾ ನಿನ್ನ ನೌಕರಿ ಅಂತ ಕೇಳಿದ್ಲು. ಅದು ಸ್ವಲ್ಪ ಜಾಸ್ತಿ ಹತ್ತಿತ್ರಿ.” ಅವನು ಕುರ್ಚಿಯ ಅಂಚಿಗೆ ಸರಿದು ಕೂತ. “ಇನ್ನೊಂದು ಕೇಳಾಕ ಬಂದೀನಿ. ಮಾಗಿಯಾಗ ನನ್ನ ಮದಿವಿ. ನಿರೂಪಣೆಗೆ ನೀವಾ ಬರ್ಬೇಕು.”

ಅರುಣಾ ನಗುತ್ತ ಒಪ್ಪಿಕೊಂಡಳು.

ಕುರುಗೋಡಿನಲ್ಲಿ ವೀರಭದ್ರಮ್ಮನ ಮಿಷನ್ನಿನ ಟೇಪು ಕೊನೆಗೂ ಕಿತ್ತರು. ಜೋಳದ ರೊಟ್ಟಿ ಅದರಲ್ಲಿ ಹರಿದು ಹೋಗುತ್ತಿತ್ತು, ಚಪಾತಿ ಮಾತ್ರ ಚೆನ್ನಾಗಿ ಬರುತ್ತಿತ್ತು. ಸೊಸೆಗೆ ಅನುಕೂಲವಾಯಿತು ಎಂದು ಇಟ್ಟುಕೊಂಡರು. ಅಂಬಮ್ಮ ತನ್ನದನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯವರಿಗೆ ಕೊಟ್ಟುಬಿಟ್ಟಳು. ಟಿವಿ ಬರಲಿಲ್ಲ. ಪಡಸಾಲೆಯ ಗೋಡೆಗೆ ಸೊಸೆ ಮಗುವಿನ ದೊಡ್ಡ ಫೋಟೋ ಹಾಕಿಸಿದಳು, ಅದರಲ್ಲಿ ಮಗು ಅಳುತ್ತಿತ್ತು.

ಮಾಗಿಯಲ್ಲಿ ಕೊಪ್ಪಳದ ಮದುವೆ ಮುಗಿಸಿಕೊಂಡು ಗಂಡ ಹೆಂಡತಿ ಬಳ್ಳಾರಿಗೆ ಬಂದಾಗ ಸಂಜೆಯಾಗಿತ್ತು. ಬ್ರೂಸ್‌ಪೇಟೆಯ ಒಂದು ಬಳೆ ಅಂಗಡಿಯ ಮುಂದೆ ಅರುಣಾ ನಿಂತಳು. ನೇರಳೆ ಬಣ್ಣದ ಗಾಜಿನ ಬಳೆಗಳು ದೀಪಕ್ಕೆ ಹೊಳೆಯುತ್ತಿದ್ದವು. ಅವಳು ಸುಮಾರು ಹೊತ್ತು ನೋಡಿದಳು. ಒಮ್ಮೆ ಮುಂದೆ ನಡೆದು ಹೋಗಿ, ಮತ್ತೆ ವಾಪಸು ಬಂದಳು.

“ಬೇಕೇನು?” ಚನ್ನಬಸವರಾಜ ಕೇಳಿದ.

“ತಡೀರಿ, ವಿಚಾರ ಮಾಡಾಕತ್ತೀನಿ.” ಅವಳು ಇನ್ನೊಂದು ಸಲ ನೋಡಿದಳು. “ಹೂನ್ರೀ, ಬೇಕು.”

ಬಳೆಗಾರ ಅವಳ ಕೈಯನ್ನು ಮೆತ್ತಗೆ ಒತ್ತಿ ಹಿಡಿದು ಒಂದೊಂದಾಗಿ ತೊಡಿಸಿದ. ಚನ್ನಬಸವರಾಜ ಅಂಗಡಿಯ ಮೂಲೆಯಲ್ಲಿದ್ದ ಕುರ್ಚಿಯನ್ನು ಎಳೆದು ಅವಳ ಹಿಂದೆ ಇಟ್ಟು, “ಮುಂಜಾನಿಂದ ನಿಂತೀಯಲ್ಲ, ಕುಂದ್ರು,” ಅಂದ.